ನಮ್ಮತ್ತಿಗೆ ಬರೆದ ಊಟದ ಪ್ರೋಗ್ರಾಮು

ನಮ್ಮತ್ತಿಗೆಯ ತಲೆಯೊಳಗೆ ಮಿದುಳಿರುವ ಜಾಗದಲ್ಲಿ ಕೀಬೋರ್ಡ್ ಇದೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಆದರೆ ಒಮ್ಮೆ ಬೀರೂರಿನ ನಮ್ಮ ಮನೆಗೆ ಬಂದು ಅವರ ಹತ್ತಿರ ಒಂದು ಲೋಟ ಕಾಫಿ ಕೇಳಿ ನೋಡಿ. "ಸಕ್ಕರೆ ಇದ್ರೆ ಎಷ್ಟು ಚಮಚ? ಇಲ್ದಿದ್ರೆ ಬೆಲ್ಲ ಆಗುತ್ತಾ? ಎರಡೂ ಇಲ್ದಿದ್ರೆ ಹಾಗೇ ಕುಡೀತೀರಾ?" ಎಂದು ಮೂರು ಪ್ರಶ್ನೆ ಕೇಳಿ, ಮೂರಕ್ಕೂ ಉತ್ತರ ಪಡೆದ ಮೇಲೆಯೇ ಒಲೆ ಹಚ್ಚುವುದು. ಸಕ್ಕರೆ ಡಬ್ಬಿ ತುಂಬಿ ತುಳುಕುತ್ತಿದ್ದರೂ ಅಷ್ಟೆ!

ಅವರು ಕಡೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾರೆ. ನಾಲ್ಕೂವರೆಗೆ ಕಾಲೇಜಿನ ಮಕ್ಕಳಿಗೆ ಬಿಡುಗಡೆ. ಐದೂಕಾಲರ ಹೊತ್ತಿಗೆ ಬಸ್ಸಿಳಿದು ಮನೆಗೆ ಬರುತ್ತಾರಲ್ಲ, ಆಗ ನಮಗೆ ಕ್ಲಾಸು ಶುರು.

ಒಂದು ಭಾನುವಾರ ಅಣ್ಣನಿಗೆ, "ರೀ, ಹಾಲು ಉಕ್ಕೋವರೆಗೂ ನೋಡ್ತಿರಿ" ಎಂದು ಹೇಳಿ ಸ್ನಾನಕ್ಕೆ ಹೋದರು. ಅಣ್ಣ ರೈಲ್ವೆಯಲ್ಲಿರುವವನು, ಸಿಗ್ನಲ್ಲು ಕೊಟ್ಟಷ್ಟೇ ದೂರ ಹೋಗುವ ಜಾತಿ. ನೋಡಿದ. ಹಾಲು ಉಕ್ಕಿತು. ನೋಡುವುದನ್ನು ನಿಲ್ಲಿಸಿ ಪೇಪರ್ ಹಿಡಿದು ಕೂತ. ಒಲೆಯ ಮೇಲೆ, ಕಟ್ಟೆಯ ಮೇಲೆ, ಕೊನೆಗೆ ನೆಲದ ಮೇಲೂ ಹಾಲು!

"ಒಲೆ ಆರಿಸ್ಬಾರ್ದಿತ್ತೇನ್ರೀ?"

"ಉಕ್ಕೋವರೆಗೂ ನೋಡು ಅಂದೆ, ನೋಡ್ದೆ. ಆಮೇಲಿಂದು ನೀನು ಹೇಳೇ ಇಲ್ವಲ್ಲೇ!"

ಬೇರೆ ಹೆಂಗಸಾಗಿದ್ದರೆ ಸೌಟು ಹಾರುತ್ತಿತ್ತು. ನಮ್ಮತ್ತಿಗೆ ಎರಡು ನಿಮಿಷ ಯೋಚಿಸಿ, "ಹೌದು, ಒಂದು ಸಾಲು ಬಿಟ್ಟೋಗಿದೆ. ತಪ್ಪು ನಂದೇ" ಎಂದು ಒಪ್ಪಿಕೊಂಡು ನೆಲ ಒರೆಸಿದರು. ಇಂಥವರ ಜೊತೆ ಜಗಳವಾಡುವುದಾದರೂ ಹೇಗೆ, ನೀವೇ ಹೇಳಿ!

ಇಂಥ ಅತ್ತಿಗೆಗೆ ಹೋದ ವರ್ಷ ಒಂದು ಪಾರ್ಟಿ ಮಾಡುವ ಆಸೆ ಹುಟ್ಟಿತು. ಕಾರಣ ನಮ್ಮಮ್ಮ. ಅಮ್ಮ ನಮ್ಮ ಬೀದಿಯ ಅಂಗನವಾಡಿಯಲ್ಲಿ ಮೂವತ್ತು ವರ್ಷ ಊರ ಮಕ್ಕಳಿಗೆಲ್ಲ ಉಣ್ಣಿಸಿ ನಿವೃತ್ತಳಾದಳು. ಕೊನೆಯ ದಿನ ಶಾಲು ಹೊದ್ದು, ಹಾರ ಹಿಡಿದು ಮನೆಗೆ ಬಂದವಳು ಶಾಲು ಮಡಿಸಿ ಟ್ರಂಕಿಗೆ ಹಾಕಿ, "ಇವತ್ತು ಸಾರಿಗೆ ಏನ್ ಹಾಕ್ಲಿ?" ಎನ್ನುತ್ತಾ ಸೀದಾ ಅಡುಗೆಮನೆಗೆ ಹೋದಳು. ಅತ್ತಿಗೆ ಬಾಗಿಲಲ್ಲಿ ನಿಂತು ಅದನ್ನು ನೋಡಿದರು. ಮಾರನೆಯ ದಿನ ನಡುಮನೆಯ ಗೋಡೆಯ ಮೇಲೆ ಒಂದು ದೊಡ್ಡ ಡ್ರಾಯಿಂಗ್ ಹಾಳೆ ಅಂಟಿತ್ತು. ಮೇಲೆ ದಪ್ಪಕ್ಷರದಲ್ಲಿ 'ಪಾರ್ಟಿ ಪ್ರೋಗ್ರಾಂ'. ಕೆಳಗೆ, 'ಅತಿಥಿಗಳು = 40;', ಅದರಡಿ ಯಾವ ಊರಿಂದ ಎಷ್ಟು ಜನ ನೆಂಟರು ಎಂಬ ಪಟ್ಟಿ.

"ನಂಗ್ಯಾಕೇ ಪಾರ್ಟಿ? ಅವತ್ತು ನಾನು ಬುಕ್ಕಾಂಬುಧಿಗೆ ಹೋಗಿ ಕೆರೆ ಏರಿ ಮೇಲೆ ಕೂತ್ಕೋತೀನಿ ನೋಡು" ಎಂದಳು ಅಮ್ಮ. ಬುಕ್ಕಾಂಬುಧಿ ಅವಳ ತವರು. ಕೋಪ ಬಂದಾಗಲೆಲ್ಲ ಮಾತಿನಲ್ಲೇ ಅಲ್ಲಿಗೆ ಹೋಗಿ ಬರುತ್ತಾಳೆ. ಹಾಗೆ ಗೊಣಗುತ್ತಲೇ ಹಾಳೆ ನೋಡಿ, "ನಲವತ್ತು ಸಾಲಲ್ಲ, ಎಪ್ಪತ್ತು ಬರಿ" ಎಂದಳು.

"ಅದ್ಯಾವ ಲೆಕ್ಕ ಅತ್ತೆ?"

"ಹಿರೇನಲ್ಲೂರಿನವರು ಇಬ್ರು ಅಂತ ಬರ್ದಿದ್ದೀಯಲ್ಲ, ಅವರು ಯಾವತ್ತಾದ್ರೂ ಇಬ್ರೇ ಬಂದಿದ್ದುಂಟೇನೇ? ಹಿಂದೆ ಒಂದು ಆಟೋ ತುಂಬಾ ಬತ್ತಾರೆ!"

ಅತ್ತಿಗೆ ಗಂಭೀರವಾಗಿ ಪೆನ್ನು ತೆಗೆದು, 'ಊರು ಹಿರೇನಲ್ಲೂರು ಆದರೆ, ಅತಿಥಿಗಳು = ಅತಿಥಿಗಳು + ಒಂದು ಆಟೋ;' ಎಂದು ಸೇರಿಸಿದರು.

ಅಡುಗೆಗೆ ತರೀಕೆರೆಯಿಂದ ಒಬ್ಬ ಹಿರಿಯರನ್ನು ಕರೆಸಿದೆವು. ನೂರಾರು ಮದುವೆಗೆ ಅಡುಗೆ ಮಾಡಿದ ಕೈ. ಅತ್ತಿಗೆ ಅವರ ಕೈಗೆ ಎರಡು ಪುಟದ ಕೋಡು, ಅಂದರೆ ಕಂಪ್ಯೂಟರಿಗೆ ಬರೆಯುವಂಥ ಸೂಚನೆ, ಕೊಟ್ಟರು. 'ಎಲೆ ಖಾಲಿ ಇದ್ದರೆ ಬಡಿಸು. ಇಲ್ಲದಿದ್ದರೆ ಮುಂದಿನ ಎಲೆಗೆ ಹೋಗು. ಸಾಲು ಮುಗಿದರೆ ಮೊದಲಿನಿಂದ ಬಾ.' ಅವರು ಹಾಳೆಯನ್ನು ತಿರುವಿ ಮುರುವಿ ನೋಡಿದರು.

"ಎಲ್ಲಾ ಸರಿ ಕಣಮ್ಮ, ಇದ್ರಲ್ಲಿ ಸಾಂಬಾರಿಗೆ ಉಪ್ಪೆಷ್ಟು ಅಂತ ಎಲ್ಲೈತೆ?"

"ಅದು ನಿಮ್ಮ ಫಂಕ್ಷನ್. ಅದರೊಳಗೆ ಏನಿದೆ ಅಂತ ನಾನು ಕೇಳೋ ಹಾಗಿಲ್ಲ."

ಅವರು ಗಾಬರಿಯಾದರು. "ಅಯ್ಯೋ, ಫಂಕ್ಷನ್ ನಿಮ್ದು ಕಣಮ್ಮ! ನಾನು ಬರೀ ಅಡ್ಗೆಯೋನು!"

ಕೋಡಿನ ಭಾಷೆಯಲ್ಲಿ ಫಂಕ್ಷನ್ ಎಂದರೆ ಸಮಾರಂಭವಲ್ಲ, ಒಬ್ಬರಿಗೆ ವಹಿಸಿದ ಕೆಲಸ ಎಂದು ಬಿಡಿಸಿ ಹೇಳಲು ಎರಡು ಕಾಫಿ ಬೇಕಾಯಿತು. ಎರಡಕ್ಕೂ ಸೇರಿ ಆರು ಪ್ರಶ್ನೆ.

ಇಷ್ಟಕ್ಕೇ ಮುಗಿಯಿತೇ? ಪ್ರೋಗ್ರಾಂ ಅಂದಮೇಲೆ ಟೆಸ್ಟಿಂಗ್ ಬೇಡವೇ! ಪಾರ್ಟಿಗೆ ಒಂದು ವಾರ ಮುಂಚೆ ಹಿರೇನಲ್ಲೂರಿನ ಮಾವನನ್ನು, ಅಂದರೆ ನಮ್ಮ ಸೋದರತ್ತೆಯ ಗಂಡನನ್ನು, ಊಟಕ್ಕೆ ಕರೆದರು. ಪಾಪ, ಪ್ರೀತಿಗೆ ಕರೆದಿದ್ದಾರೆ ಎಂದುಕೊಂಡು ಅವರು ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು. ಬಡಿಸುವ ಕೆಲಸ ನನ್ನದು. ನನ್ನ ಚೀಟಿಯಲ್ಲಿದ್ದದ್ದು ಇಷ್ಟೆ: 'ಅತಿಥಿ ಸಾಕು ಅನ್ನುವವರೆಗೆ ಹೋಳಿಗೆ ಹಾಕು.' ಮಾವನಿಗೆ ಬಾಯಿ ತುಂಬಿದಾಗ ಮಾತಾಡುವ ಅಭ್ಯಾಸವಿಲ್ಲ. ತಲೆ ಅಲ್ಲಾಡಿಸಿದರು. ಹಾಕಿದೆ. ಎಲೆಗೆ ಕೈ ಅಡ್ಡ ಹಿಡಿದರು. ಕೈಯ ಮೇಲೆ ಹಾಕಿದೆ. ಎದ್ದು ನಿಂತರು. ಅತ್ತಿಗೆ ಹಿಂದಿನಿಂದ, "ನಿಲ್ಲಿಸ್ಬೇಡ ರಘು, ಸಾಕು ಅಂದಿಲ್ಲ" ಎಂದರು. ಮತ್ತೊಂದು ಹಾಕಿದೆ. ಒಂಬತ್ತನೆಯದಕ್ಕೆ ಮಾವ ಹೇಗೋ ಬಾಯಿ ಖಾಲಿ ಮಾಡಿಕೊಂಡು, "ಲೇ, ನನ್ನನ್ನ ಕೊಲ್ಲಕ್ಕೆ ಕರ್ಸಿದ್ದೀರೇನ್ಲಾ?" ಎಂದು ಕಿರುಚಿದರು.

"ಸಾಕು ಅನ್ನಿ ಮಾವ, ಒಂದ್ಸಲ ಸಾಕು ಅಂದ್ಬಿಡಿ!" ನಾನೂ ಹೆಚ್ಚುಕಡಿಮೆ ಅಳುತ್ತಿದ್ದೆ.

ಅತ್ತಿಗೆ ಡೈರಿಯಲ್ಲಿ 'ಕೈ ಅಡ್ಡ ಹಿಡಿದರೂ ನಿಲ್ಲಿಸು' ಎಂದು ಬರೆದುಕೊಂಡು, "ತುಂಬಾ ಉಪಕಾರ ಆಯ್ತು ಮಾವ" ಎಂದರು.

ಅಂತೂ ಪಾರ್ಟಿಯ ದಿನ ಬಂತು. ಹಿತ್ತಲಿಗೆ ತಾಗಿದ ಖಾಲಿ ಜಾಗದಲ್ಲಿ ಶಾಮಿಯಾನ, ಬಾಳೆಲೆ ಹಾಸಿದ ಟೇಬಲ್ಲುಗಳ ಉದ್ದ ಸಾಲು. ಎಪ್ಪತ್ತು ಜನ ಕೂತರು, ಒಂದು ಆಟೋ ಸೇರಿ. ಅಡುಗೆಯ ಘಮಕ್ಕೆ ಎಲ್ಲರ ಮೂಗೂ ಅರಳಿತ್ತು. ಆದರೆ ಬಡಿಸುವಂತಿಲ್ಲ! ಆ ದಿನದ ಕೋಡಿನ ಮೊದಲ ಸಾಲು, 'ಅತ್ತೆ ಕೂರದಿದ್ದರೆ ಕಾಯುತ್ತಿರು.' ಸಾಲಿನ ನಡುವಿನ ಕುರ್ಚಿ ಖಾಲಿ. ಅಮ್ಮ ಎಲ್ಲಿ?

ಒಳಗಿಲ್ಲ. ಪಕ್ಕದ ಮನೆಯಲ್ಲಿಲ್ಲ. ಹತ್ತು ನಿಮಿಷ ಹೋಯಿತು, ಹದಿನೈದಾಯಿತು. ನಿಜವಾಗಿಯೂ ಬುಕ್ಕಾಂಬುಧಿ ಬಸ್ಸು ಹತ್ತಿಬಿಟ್ಟಳೋ ಎಂದು ಅಣ್ಣ ಬಸ್‌ಸ್ಟ್ಯಾಂಡಿಗೆ ಓಡಿದ.

"ಏನಮ್ಮಾ, ನಮಗೆ ಬಡಿಸ್ಬಿಡು, ಅವಳು ಆಮೇಲೆ ಉಣ್ತಾಳೆ. ಯಾವಾಗ್ಲೂ ಹಂಗೇ ಅಲ್ವಾ!" ಎಂದರು ಹಿರೇನಲ್ಲೂರಿನ ಮಾವ.

"ಅದಕ್ಕೇ ಮಾವ, ಇವತ್ತು ಕಾಯ್ಬೇಕು" ಎಂದರು ಅತ್ತಿಗೆ. ತಾವೇ ಹುಡುಕುತ್ತ ಹೊರಟರು. ನಾನೂ ಹಿಂದೆಯೇ ಹೋದೆ.

ಅಮ್ಮ ಸಿಕ್ಕಿದ್ದು ಶಾಮಿಯಾನದ ಹಿಂದೆ, ಪಾತ್ರೆಗಳ ರಾಶಿಯ ಪಕ್ಕ. ಅಡುಗೆಯವರ ಪುಟ್ಟ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅನ್ನ ಕಲಸಿ ಉಣ್ಣಿಸುತ್ತಿದ್ದಳು. "ಮಗು ಹಸ್ಕೊಂಡಿತ್ತು ಕಣೇ. ನೀವು ಶುರು ಮಾಡ್ಕೊಳ್ಳಿ, ನಾನು ಬತ್ತೀನಿ."

"ನೀವು ಬರೋವರೆಗೂ ಶುರು ಆಗಲ್ಲ ಅತ್ತೆ."

ಮಗುವಿನ ಕೊನೆಯ ತುತ್ತು ಮುಗಿಯುವವರೆಗೂ ಅತ್ತಿಗೆ ಅಲ್ಲೇ ನಿಂತರು. ಆಮೇಲೆ ಅಮ್ಮನ ಕೈ ಹಿಡಿದು ಕರೆತಂದು ನಡುವಿನ ಕುರ್ಚಿಯಲ್ಲಿ ಕೂರಿಸಿದರು. ಎಪ್ಪತ್ತು ಜನರೂ ಚಪ್ಪಾಳೆ ತಟ್ಟಿದರು. ಕೆಲವರು ಗೌರವಕ್ಕೆ, ಕೆಲವರು ಹಸಿವಿಗೆ. ನಾನು ಪಲ್ಯದ ಬಕೆಟ್ಟು ಎತ್ತಿಕೊಂಡೆ.

"ತಡಿಯೋ" ಎಂದಳು ಅಮ್ಮ. ಸಾಲಿನ ಈ ತುದಿಯಿಂದ ಆ ತುದಿಗೆ ನೋಡಿ, "ನಿನ್ನೆಲೆ ಎಲ್ಲೇ?" ಎಂದು ಅತ್ತಿಗೆಯನ್ನು ಕೇಳಿದಳು.

ಅತ್ತಿಗೆ ಕೈಯಲ್ಲಿದ್ದ ಹಾಳೆ ನೋಡಿದರು. ಮಗುಚಿ ನೋಡಿದರು. ಹಿರೇನಲ್ಲೂರಿನ ಆಟೋದವನಿಗೆ ಎಲೆ ಬರೆದಿದ್ದರು. ಶಾಮಿಯಾನ ಕಟ್ಟಿದವರಿಗೆ ಬರೆದಿದ್ದರು. ತಮ್ಮ ಹೆಸರನ್ನೇ ಬರೆದುಕೊಂಡಿರಲಿಲ್ಲ. ಎಲ್ಲಕ್ಕೂ ಮೂರು ಪ್ರಶ್ನೆ ಕೇಳುವ ಹೆಂಗಸಿಗೆ ಈ ಒಂದು ಪ್ರಶ್ನೆ ಹೊಳೆದೇ ಇರಲಿಲ್ಲ.

ಅಮ್ಮ ಎದ್ದಳು. ಕಟ್ಟಿನಿಂದ ಒಂದು ಎಲೆ ತಂದು, ತನ್ನ ಪಕ್ಕದವರನ್ನು ಅತ್ತ ಸರಿಸಿ, ನೀರು ಚಿಮುಕಿಸಿ ಒರೆಸಿ ಹಾಸಿದಳು.

"ನೀನು ಈ ಮನೆಗೆ ಬಂದು ಹದಿಮೂರು ವರ್ಷ ಆಯ್ತು. ಕೂತ್ಕೊಂಡು ಉಣ್ಣೋದನ್ನ ನಾನು ಒಂದಿನಾನೂ ನೋಡಿಲ್ಲ ಕಣೇ. ಕೂತ್ಕೋ."

ಅತ್ತಿಗೆ ಕೂತರು. ನಾನು ಅವರಿಬ್ಬರ ಎಲೆಗೆ ಮೊದಲು ಬಡಿಸಿದೆ. ಅತ್ತಿಗೆ ತಲೆ ತಗ್ಗಿಸಿಕೊಂಡೇ ಒಂದು ತುತ್ತು ಬಾಯಿಗಿಟ್ಟರು, ಇನ್ನೊಂದು ಇಟ್ಟರು. ಅಮ್ಮ ತನ್ನೆಲೆಯನ್ನು ಮುಟ್ಟದೆ, ಅವರು ಉಣ್ಣುವುದನ್ನೇ ನೋಡುತ್ತಾ ಕೂತಿದ್ದಳು.