ಫೈಬರ್ ಶೀಟಿನೊಳಗಿನ ಕೈ

ದೆವ್ವ ಎಂಬುದು ಇಲ್ಲವೆಂದು ಕಾನ್ವೆಂಟಿನ ಸಿಸ್ಟರುಗಳು ನನಗೆ ಚೆನ್ನಾಗಿ ಕಲಿಸಿದ್ದರು. ಫೈಬರ್ ಶೀಟಿನ ಬಗ್ಗೆ ಮಾತ್ರ ಏನೂ ಹೇಳಿರಲಿಲ್ಲ.

ಬ್ಯಾಡಗಿಯ ನಮ್ಮ ಮನೆಯ ಹಿಂದಿನ ಅಂಗಳಕ್ಕೆ ನನ್ನವರು ಹಸಿರು ಫೈಬರ್ ಶೀಟು ಹೊದಿಸಿದ್ದರು. ಕೆಳಗೆ ಕುಳಿತರೆ ಕೆರೆಯ ತಳದಲ್ಲಿ ಕುಳಿತಂಥ ಬೆಳಕು. ನಾದಿನಿ ಸುಮಾ ಚೊಚ್ಚಲ ಬಾಣಂತನಕ್ಕೆ ರಾಣೆಬೆನ್ನೂರಿನಿಂದ ಬರುವವಳಿದ್ದಳು. ನಮಗೆ ಮಕ್ಕಳಿಲ್ಲ. ತೊಟ್ಟಿಲನ್ನು ನಾನೇ ತೊಳೆದು ಒಣಗಿಸಿ, ಆ ಹಸಿರು ಬೆಳಕಿನಲ್ಲಿ ಎಲ್ಲಿ ತೂಗುಹಾಕುವುದೆಂದು ಜಾಗವನ್ನೂ ಗೊತ್ತುಮಾಡಿದ್ದೆ.

ಅದು ವರ್ಷದ ಮೆಣಸಿನಕಾಯಿ ಒಣಗಿಸುವ ಕಾಲ. ಮಾಳಿಗೆಯ ಮೇಲೆ ಹರವಿದರೆ ಇಬ್ಬನಿ ನಿಲ್ಲುತ್ತದೆ. ಇಳಿಜಾರಿನ ಶೀಟಿನ ಮೇಲಾದರೆ ನೀರು ತಾನೇ ಜಾರುತ್ತದೆ. ಬಿಸಿಲಿಗೆ ಶೀಟು ಹಂಚಿನಂತೆ ಕಾಯುತ್ತದೆ. ಇಡೀ ಊರಿಗೆ ಹೊಳೆಯದ ಉಪಾಯ ನನಗೆ ಹೊಳೆಯಿತು! ಮಾಳಿಗೆಯ ಅಂಚಿನಿಂದ ಬಾಗಿ ಚೀಲಗಟ್ಟಲೆ ಹರವಿದೆ. ಕಾಯಿ ಜಾರದಿರಲೆಂದು ಅಲ್ಲಲ್ಲಿ ಇಟ್ಟಿಗೆ ಇಟ್ಟೆ.

ಮರುದಿನ ದೀಪ ಹಚ್ಚುವ ಹೊತ್ತಿಗೆ ಶುರುವಾಯಿತು. ಟಿಕ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಿಕ್.

"ಯಾರೋ ಮ್ಯಾಲೆ ಕುಂತು ನೆಟಿಗಿ ಮುರಿಯಾಕತ್ತಾರ," ಅಂದರು ಅತ್ತೆ.

ಗಾಳಿಗೆ ಶೀಟು ಅಲುಗುತ್ತಿದೆ ಎಂದು ನಾನು ತೀರ್ಪು ಕೊಟ್ಟೆ. ಅಲುಗದಿರಲೆಂದು ಇನ್ನಷ್ಟು ಇಟ್ಟಿಗೆ ಇಟ್ಟೆ. ಸದ್ದು ಹೆಚ್ಚಾಯಿತು. ಇನ್ನೂ ಇಟ್ಟೆ.

ಆಮೇಲೆ ಕೈ ಕಾಣಿಸಿತು. ಅಂಗಳ ಗುಡಿಸುವಾಗ ತಲೆ ಎತ್ತಿದರೆ, ಹಸಿರಿನೊಳಗೆ ಬೆಳ್ಳಗೆ ಒಂದು ಅಂಗೈ. ಕಾಯಿ ಸರಿಸಿ ಮೇಲಿನಿಂದ ಒರೆಸಿದೆ, ಹೋಗಲಿಲ್ಲ. ಕೆಳಗಿನಿಂದ ಒರೆಸಿದೆ, ಹೋಗಲಿಲ್ಲ. ಅದು ಮೇಲೂ ಇರಲಿಲ್ಲ, ಕೆಳಗೂ ಇರಲಿಲ್ಲ, ಶೀಟಿನ ಒಳಗಿತ್ತು. ದಿನಾ ಬೆರಳುಗಳು ಒಂದಿಷ್ಟು ಉದ್ದವಾಗುತ್ತಿದ್ದವು.

ಅಂಗಳದಲ್ಲಿ ಕೂತವರಿಗೆಲ್ಲ ಮೈ ತುರಿಕೆ ಹತ್ತಿತು. ನೆಲದ ಮೇಲೆ ಒಂದು ಬಿಳಿ ಕೂದಲು ಸಿಕ್ಕಿತು. ಅತ್ತೆಯದೆಂದು ಬೆಳಕಿಗೆ ಹಿಡಿದೆ. ಗಾಜಿನಂತೆ ಮಿನುಗಿತು. ಅತ್ತೆಯ ಕೂದಲು ಎಂದೂ ಮಿನುಗಿದ್ದಿಲ್ಲ! ಆ ಸಂಜೆ ನಾನು ಇಂಗ್ಲಿಷಿನ ಪ್ರಾರ್ಥನೆಯನ್ನೂ ಹನುಮಪ್ಪನ ಹೆಸರನ್ನೂ ಒಂದರ ಹಿಂದೊಂದು ಹೇಳಿಕೊಂಡೆ. ಯಾರಿಗೂ ಬೇಸರವಾಗಬಾರದಲ್ಲ.

"ಇಂಥಾ ಮನ್ಯಾಗ ಬಾಣಂತನ ಬ್ಯಾಡ," ಅಂದರು ಅತ್ತೆ. "ಸುಮಾನ್ನ ಹಾವೇರಿಗೆ ನನ್ನ ತಂಗಿ ಮನಿಗೆ ಕಳಸ್ತೇನಿ."

ತೊಳೆದಿಟ್ಟ ತೊಟ್ಟಿಲನ್ನು ನಾನು ಇನ್ನೊಮ್ಮೆ ಒರೆಸಿಟ್ಟೆ. ಮನೆಯಲ್ಲಿ ದೆವ್ವವಿಲ್ಲವೆಂದು ಸಾಬೀತು ಮಾಡುವ ಗುರುತರ ಜವಾಬ್ದಾರಿ ನನ್ನ ಮೇಲೆ ಬಿತ್ತು. ಸುಮಾ ಮಾತಾಡಿಹೋಗಲು ಬಂದ ಭಾನುವಾರ, ಎಲ್ಲರನ್ನೂ ಅಂಗಳದಲ್ಲಿ ಕೂರಿಸಿದೆ. ಒನಕೆ ತಂದು ಶೀಟಿನೊಳಗಿನ ಆ ಕೈಯ ನಡುಮಧ್ಯಕ್ಕೆ ಕೆಳಗಿನಿಂದ ಕುಟ್ಟಿದೆ. "ನೋಡ್ರಿ, ಯಾರ ಅದಾರ ಇಲ್ಲಿ?"

ಉತ್ತರ ಬಂತು. ಟಿಕ್. ಟಿಕ್ ಟಿಕ್. ಆಮೇಲೆ ಹನಿ ಮಳೆ ಬಿದ್ದಂತೆ ಎಲ್ಲ ಕಡೆಯಿಂದ. ಆಮೇಲೆ ಥಟ್ಟನೆ ನಿಂತಿತು. ಆ ಮೌನದಲ್ಲಿ ಕೈ ನಿಧಾನವಾಗಿ ಮುಷ್ಟಿ ತೆರೆದಂತೆ ಅಗಲವಾಯಿತು.

"ಸರೀರಿ ಎಲ್ಲಾರೂ!" ಎಂದು ಸುಮಾ ಒಂದು ಕೈಯಲ್ಲಿ ಅತ್ತೆಯನ್ನೂ ಇನ್ನೊಂದರಲ್ಲಿ ನನ್ನನ್ನೂ ಬಾಗಿಲೊಳಗೆ ಎಳೆದಳು. ನನ್ನವರು ತಾವೇ ಹಾರಿಬಂದರು. ಹಿಂದೆಯೇ ಆಕಾಶ ಕಳಚಿ ಬಿತ್ತು.

ಕೆಂಪು ಧೂಳು ಇಳಿದ ಮೇಲೆ ನೋಡಿದೆ. ನಾನು ತೊಟ್ಟಿಲಿಗೆಂದು ಗೊತ್ತುಮಾಡಿದ್ದ ಜಾಗದಲ್ಲೇ ಇಟ್ಟಿಗೆಗಳ ಗುಪ್ಪೆ. ಯಾರೂ ನಗಲಿಲ್ಲ.

ಸುಮಾ ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಶೀಟಿನ ಒಂದು ಚೂರೆತ್ತಿ ಅದರ ಮುರಿದ ಅಂಚು ತೋರಿಸಿದಳು: ಅಂಟಿನಲ್ಲಿ ಕೂತ ಗಾಜಿನ ಎಳೆಗಳು, ಪದರು ಪದರಾಗಿ ಬಿಚ್ಚಿಕೊಂಡು, ಮುದುಕಿಯ ಜಡೆಯಂತೆ ಕೆದರಿದ್ದವು.

"ಮೊದಲ ಅಂಟು ಬಿರಿತೈತಿ, ವೈನಿ. ನೀವು ಕೇಳಿದ್ದು ಅದನ್ನ. ಆಮ್ಯಾಲೆ ಪದರ ಪದರ ಬಿಡ್ತೈತಿ, ಬಿಟ್ಟಲ್ಲಿ ಬೆಳ್ಳಗ ಕಾಣ್ತೈತಿ. ಅಷ್ಟಾದ್ರೂ ಎಳಿ ಭಾರ ಹೊತ್ತು ನಿಲ್ತಾವು. ಒಂದೊಂದ ಹರಕೋಂತ ಬಂದು ಕಡೀಕ ಎಲ್ಲಾ ಒಮ್ಮೆಲೆ." ಚೂರನ್ನು ಕೆಳಗಿಟ್ಟಳು. "ಇಷ್ಟ್ ದಿನಾ ಅದು ನಿಮಗ ಹೇಳಾಕತ್ತಿತ್ತು. ಹೇಳಿದಷ್ಟೂ ನೀವು ಇಟ್ಟಿಗಿ ಹೇರಿದ್ರಿ."

ದೆವ್ವವಿದ್ದಿದ್ದರೇ ವಾಸಿ ಅನ್ನಿಸಿತು. ಕೈ ತೋರಿಸಿ ಬೇಡವೆನ್ನುತ್ತಿದ್ದ ಒಂದು ಶೀಟಿನ ಬಾಯಿಗೆ ನಾನು ಒನಕೆ ಇಟ್ಟಿದ್ದೆ.

"ಬಾಣಂತನ ಇಲ್ಲೇ ಆಗಲಿ," ಎಂದಳು ಸುಮಾ ಕೊನೆಗೆ. ನನ್ನ ಕಣ್ಣು ತುಂಬಿತು. "ವೈನಿ ಮಾಳಿಗಿ ಹತ್ತದಂಗ ನೋಡ್ಕೊಂಡ್ರ ಸಾಕು."

ಸಂಜೆ ಅತ್ತೆ ಉಪ್ಪು, ಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆಯಲು ಬಂದರು. ಬಸುರಿ ಸುಮಾ ಸರಿಯಾಗಿ ಕೂತುಕೊಂಡಳು. ಅವಳನ್ನು ದಾಟಿ ಬಂದು ಅತ್ತೆ ನನ್ನ ಮುಂದೆ ನಿಂತರು! ಮುಖಕ್ಕೆ ಇಳಿಸಿ ಒಲೆಗೆ ಹಾಕಿದರು. ಘಾಟು ಬರಲಿಲ್ಲ. ಘಾಟು ಬರದಿದ್ದರೆ ಹಿಡಿದಿರುವ ದೃಷ್ಟಿ ದೊಡ್ಡದೇ ಎಂದು ಲೆಕ್ಕ. ಎಲ್ಲರೂ ನನ್ನನ್ನೇ ನೋಡಿದರು.

ನಮ್ಮೂರ ಮೆಣಸಿನಕಾಯಿಗೆ ಬಣ್ಣವೇ ಹೆಚ್ಚು, ಘಾಟು ಕಡಿಮೆ ಎಂದು ವೈಜ್ಞಾನಿಕವಾಗಿ ವಿವರಿಸಲು ಬಾಯಿ ತೆರೆದೆ. ಅತ್ತೆ ಇನ್ನೊಂದು ಹಿಡಿ ಇಳಿಸಿದರು.