ಸೋಸಿದ ಡೀಸೆಲ್ಲು, ಅಕ್ಕನ ಬಿತ್ತನೆ

ಡೀಸೆಲ್ ವಿಷಯದಲ್ಲಿ ಶೇಗಾಂವದಲ್ಲಿ ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ಬೆರಳಿಗೆ ಹಚ್ಚಿ, ತಿಕ್ಕಿ, ಮೂಸಿ ನೋಡಿ ಅದರ ಜಾತಕವನ್ನೇ ಹೇಳುತ್ತಿದ್ದೆ. “ಟ್ರ್ಯಾಕ್ಟರಿನ ತಾಕತ್ತೆಲ್ಲಾ ಡೀಸೆಲ್‌ದಾಗ ಅದರಿ!” ಎಂದು ಚಹಾದಂಗಡಿಯಲ್ಲಿ ಉಪನ್ಯಾಸ ಕೊಡುತ್ತಿದ್ದೆ. ಮಾತು ನಿಜವೇ. ಮಾತಾಡಿದವನದೇ ತೊಂದರೆ!

ವಳಸಂಗದಲ್ಲಿರುವ ನನ್ನಕ್ಕ ಗಂಗವ್ವನ ಗಂಡ ಕೈ ಮುರಿದುಕೊಂಡು ಕೂತಿದ್ದರು. ಮಳೆಯಾಗಿ ಹೊಲ ಹದಕ್ಕೆ ಬಂದಿತ್ತು. ಹಸಿ ಆರುವುದರೊಳಗೆ ಜೋಳ ಬಿತ್ತದಿದ್ದರೆ ಅವರ ಮನೆಯ ಆ ವರ್ಷದ ರೊಟ್ಟಿ ಹೋದಂತೆಯೇ. ತಾನೇ ಎತ್ತು ಹೂಡುತ್ತೇನೆ ಎಂದಳು ಅಕ್ಕ. ನಾನು ಬಿಡಬೇಕಲ್ಲ!

“ಎತ್ತು ಮೇಯ್ಕೋತ ನಿಂದರ್ಲಿ ಅಕ್ಕಾ. ನನ್ನ ಟ್ರ್ಯಾಕ್ಟರ್ ಬಂತಂದ್ರ ಮಧ್ಯಾಹ್ನದ ಊಟದೊಳಗ ಬಿತ್ತಿಗಿ ಮುಗೀತದ!”

ಇಂಥ ಪುಣ್ಯಕಾರ್ಯಕ್ಕೆ ಉತ್ತಮ ಡೀಸೆಲ್ಲೇ ಬೇಕೆಂದು ನಮ್ಮ ರಾಜ್ಯದ ಗಡಿ ದಾಟಿ ಕರ್ನಾಟಕದ ಪಂಪಿಗೆ ಹೊರಟೆ. ಅಲ್ಲಿ ತುಸು ಅಗ್ಗ ಎಂಬುದು ಗೌಣ ಕಾರಣ. ಬೇಸಿಗೆಯಲ್ಲಿ ಟ್ಯಾಂಕರಿನ ನೀರು ಹಿಡಿದಿಡುವ ದೊಡ್ಡ ಕ್ಯಾನುಗಳನ್ನು ಎತ್ತಿಕೊಂಡೆ.

“ಏನ್ರೀ, ಅವನ್ನ ಬಿಸಲಿಗಿ ಬೋರಲ ಹಾಕ್ರಿ. ತಳದಾಗ ಇನ್ನಾ ನೀರ ಅದಾವ,” ಎಂದಳು ಹೆಂಡತಿ ಶಾಂತಾ.

“ಆಮ್ಯಾಲ ಸೋಸ್ತೀನಿ ಬಿಡ!”

ಡೀಸೆಲ್ ತಂದ ಮೇಲೆ ಸೋಸಿದೆ ಕೂಡ. ಅವಳ ಹಳೆಯ ಸೀರೆಯನ್ನು ಮಡಿಸಿ, ಕುಡಿಯುವ ನೀರನ್ನು ಸೋಸುವ ಶ್ರದ್ಧೆಯಿಂದಲೇ ಸೋಸಿದೆ. ಒಂದು ಇರುವೆ ಸಿಕ್ಕಿತು. ಅದನ್ನು ಶಾಂತಾಳಿಗೆ ಹೆಮ್ಮೆಯಿಂದ ತೋರಿಸಿದೆ. ನೀರು ಮಾತ್ರ ಡೀಸೆಲ್ಲಿನ ಜೊತೆ ಸದ್ದಿಲ್ಲದೆ ಕೆಳಗಿಳಿದಿತ್ತು.

ಮರುದಿನ ಶಾಂತಾಳನ್ನೂ ಕರೆದುಕೊಂಡು ಹೋಗಿ, ಅಕ್ಕನ ಹೊಲದ ಬದುವಿನಲ್ಲಿ ನಿಂತು ಟ್ಯಾಂಕು ತುಂಬಿಸಿದೆ. ಅಕ್ಕ ಟ್ರ್ಯಾಕ್ಟರಿಗೆ ಕುಂಕುಮ ಹಚ್ಚಿ ಕಾಯಿ ಒಡೆದಳು. ಎರಡು ಸುತ್ತು ಬಿತ್ತಿದ್ದೇ ತಡ, ಎಂಜಿನ್ ಕೆಮ್ಮಿತು. ಬಿಳಿ ಹೊಗೆ ಬಿಟ್ಟಿತು. ನಿಂತಿತು! ಫಿಲ್ಟರಿನ ಕೆಳಗಿನ ತಿರುಪು ಬಿಚ್ಚಿ ಬಟ್ಟಲು ಹಿಡಿದೆ.

ಅಕ್ಕ ಬಗ್ಗಿ ನೋಡಿದಳು. “ಇದು ನೀರಲ್ಲೇನೋ ತಮ್ಮಾ?”

ನಮ್ಮ ಜತ್ತ ತಾಲೂಕಿನಲ್ಲಿ ನೀರಿಗಾಗಿ ಮನುಷ್ಯರು ಟ್ಯಾಂಕರಿನ ಹಿಂದೆ ಓಡುತ್ತಾರೆ. ನಾನು ಟ್ರ್ಯಾಕ್ಟರಿಗೆ ಕುಡಿಸಿದ್ದೆ!

ಮೆಕ್ಯಾನಿಕ್ ಫೋನಿನಲ್ಲಿ “ನಾಳೆ” ಎಂದ. ಬಿಸಿಲು ಏರುತ್ತಿತ್ತು. ನನಗೆ ಅಳುವೇ ಬಂತು. ಅಕ್ಕ ಒಂದು ಮಾತು ಬೈಯಲಿಲ್ಲ. ಕಚ್ಚೆ ಬಿಗಿದು, ಎತ್ತು ಹೂಡಿ, ಕೂರಿಗೆ ಹಿಡಿದೇಬಿಟ್ಟಳು. ಶಾಂತಾ ಹಿಂದೆ ನಡೆಯುತ್ತ ಬೀಜ ಬಿಟ್ಟಳು. ನಮ್ಮಲ್ಲಿ ಎಲ್ಲರ ಕೈಗೂ ಬೀಜ ಕೊಡುವುದಿಲ್ಲ. ಮುಷ್ಟಿಯಿಂದ ಕಾಳು ಒಂದೇ ಸಮ ಇಳಿಯಬೇಕು. ಅಕ್ಕ ಎತ್ತುಗಳೊಂದಿಗೆ ಮಾತಾಡುತ್ತ ಹಾಕಿದ ಆ ನೇರ ಸಾಲುಗಳನ್ನು ನೋಡುತ್ತ ನಿಂತುಬಿಟ್ಟೆ. ಇಂಥವಳ ತಮ್ಮನಾದದ್ದೇ ನನ್ನ ಭಾಗ್ಯ ಎನಿಸಿತು.

ಅಷ್ಟಕ್ಕೇ ಸುಮ್ಮನಿರಬಾರದಿತ್ತೇ? ಮಾನ ಉಳಿಸಿಕೊಳ್ಳಲು, “ನನಗೂ ಒಂದೀಟ ಸಾಲು ಕೊಡ್ರಿ,” ಎಂದೆ. ಕೊಟ್ಟರು; ಆ ಸಾಲುಗಳಿಗೆ ಬೀಜ ಬಿಟ್ಟವನು ನಾನೇ. ಸಂಜೆಯೊಳಗೆ ಬಿತ್ತನೆ ಮುಗಿಯಿತು.

ಮೊಳಕೆ ಎದ್ದಾಗ ನೋಡಲು ಹೋದೆ. ಹೊಲವೆಲ್ಲ ಬಾಚಿ ಹೆರಳು ಹಾಕಿದಂತಿತ್ತು. ನಡುವೆ ಒಂದು ಪಟ್ಟೆ ಮಾತ್ರ ಇಲ್ಲಿ ಬೋಳು, ಅಲ್ಲಿ ಪೊದೆ. ಯಾರ ಕೈ ಎಂದು ದಾರಿಹೋಕರಿಗೂ ಗೊತ್ತಾಗುವಂತಿತ್ತು!

ಅಕ್ಕ ನನ್ನ ಬೆನ್ನು ಸವರಿದಳು. “ಚಿಂತಿ ಮಾಡಬ್ಯಾಡ ತಮ್ಮಾ. ಕೇಳಿದವರಿಗೆಲ್ಲಾ ಅದೊಂದು ಪಟ್ಟಿ ಟ್ರ್ಯಾಕ್ಟರ್ ಬಿತ್ತಿದ್ದು ಅಂತ ಹೇಳೀನಿ.”

ಪಾಪ, ಟ್ರ್ಯಾಕ್ಟರು ಬಿತ್ತಿದ ಎರಡು ಸುತ್ತೂ ಚೆನ್ನಾಗಿಯೇ ಎದ್ದಿದ್ದವು.