ಹಿರಿಯಣ್ಣ ಹೋದ ದಾರಿ

ಕಾರು ಓಟದಲ್ಲಿ ವೇಗಕ್ಕಿಂತ ಅನುಭವವೇ ದೊಡ್ಡದು ಎಂದು ತಂಡದ ಆಡಳಿತ ಮಂಡಳಿಯು ಸರ್ವಾನುಮತದಿಂದ ಠರಾವು ಮಾಡಿತು. ಠರಾವಾದ ಕ್ಷಣದಿಂದ ಅದು ಸತ್ಯವೂ ಆಯಿತು. ತತ್ಸಂಬಂಧವಾದ ‘ಅನುಭವ ಹಸ್ತಾಂತರ ನಿಯಮ’ವನ್ನು ಶೆಡ್ಡಿನ ಗೋಡೆಗೆ, ಕುಡಿಯುವ ನೀರಿನ ಡ್ರಮ್ಮಿನ ಪಕ್ಕ ಅಂಟಿಸಲಾಯಿತು: ‘ಕಿರಿಯ ಚಾಲಕರು ತಂಡದ ಹಿರಿಯ ಚಾಲಕರನ್ನು ಹಿಂದಿಕ್ಕತಕ್ಕದ್ದಲ್ಲ. ಹಿರಿಯರು ಹೋದ ದಾರಿಯಲ್ಲೇ ಹೋಗತಕ್ಕದ್ದು. ಮುಂದಿನ ವರ್ಷದ ಸೀಟನ್ನು ಹಿರಿಯರು ನೀಡುವ ಕಲಿಕಾ ಅಂಕದ ಮೇಲೆ ನಿರ್ಧರಿಸಲಾಗುವುದು.’

ತಂಡದಲ್ಲಿ ಕಿರಿಯರೆಂದರೆ ಒಬ್ಬಳೇ, ಬುಗುರಿ. ಮೊದಲ ಅಭ್ಯಾಸದ ದಿನ ಕಾರನ್ನು ಗಿರಗಿರ ತಿರುಗಿಸಿ, ಎಲ್ಲಿಗೂ ತಾಗಿಸದೆ, ಏನೂ ಆಗಿಲ್ಲವೆಂಬಂತೆ ಮುಂದೆ ಓಡಿಸಿಕೊಂಡು ಹೋದಳೆಂದು ಶೆಡ್ಡಿನಲ್ಲಿ ಟೈರು ಬದಲಿಸುವ ಟೈರಿನ ಮಾಮ ಇಟ್ಟ ಹೆಸರು ಅದು. ಓಡಿಸುವುದರಲ್ಲಿ ಹುಡುಗಿ ಎತ್ತಿದ ಕೈ. ಇದೊಂದು ದೋಷವೆಂದೂ, ಅನುಭವ ಬಂದ ಮೇಲೆ ಸರಿಹೋಗುತ್ತದೆಂದೂ ವ್ಯವಸ್ಥಾಪಕರು ಆಗಾಗ ಸಮಾಧಾನ ಹೇಳುತ್ತಿದ್ದರು.

ಹಿರಿಯರೆಂದರೆ ಹಿರಿಯಣ್ಣ. ಅವನು ಗೆದ್ದು ಎಷ್ಟು ಕಾಲವಾಗಿತ್ತೆಂದರೆ, ಗೆದ್ದ ದಿನದ ಫೋಟೋದಲ್ಲಿ ಅವನಿಗೆ ತಲೆ ತುಂಬ ಕೂದಲಿತ್ತು. ಆದರೆ ಕಲಿಸುವುದರಲ್ಲಿ ಮನುಷ್ಯ ಜಿಪುಣನಲ್ಲ. ಸೋತಾಗ ಹೆಲ್ಮೆಟ್ಟನ್ನು ಯಾವ ಕಂಕುಳಲ್ಲಿ ಇಟ್ಟುಕೊಳ್ಳಬೇಕು, ತಪ್ಪನ್ನು ಗಾಳಿಯ ಮೇಲೆ ಯಾವಾಗ ಹಾಕಬೇಕು, ಬ್ರೇಕಿನ ಮೇಲೆ ಯಾವಾಗ, ಪತ್ರಕರ್ತರ ಮುಂದೆ ಎಷ್ಟು ಉದ್ದದ ನಿಟ್ಟುಸಿರು ಬಿಡಬೇಕು, ಎಲ್ಲವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟ.

“ತಿರುವಿನ ಬಗ್ಗೆ ಏನಾದ್ರೂ ಹೇಳಣ್ಣ” ಎಂದು ಬುಗುರಿ ಒಮ್ಮೆ ಕೇಳಿದಳು.

“ಅದು ತಾನಾಗೇ ಬರುತ್ತೆ ಮಗಾ. ಏನವಸರ?”

ಇಷ್ಟರಲ್ಲಿ ವ್ಯವಸ್ಥಾಪಕರು ನಿಯಮದ ವ್ಯಾಪ್ತಿಯನ್ನು ಹಿಗ್ಗಿಸಿದರು. ಹೊಸ ಟೈರಿಗೆ ಅನುಭವವಿರುವುದಿಲ್ಲ, ಇದನ್ನು ಯಾರೂ ಅಲ್ಲಗಳೆಯಲಾರರು. ಆದ್ದರಿಂದ ಹಿರಿಯಣ್ಣ ಸವೆಸಿದ ಟೈರುಗಳನ್ನು ಬುಗುರಿಯ ಕಾರಿಗೆ ಹಾಕತಕ್ಕದ್ದೆಂದೂ, ಅವಳ ಪಾಲಿನ ಹೊಸ ಟೈರುಗಳು ಇನ್ನೂ ಏನೂ ತಿಳಿಯದ ಕೂಸುಗಳಾದ ಕಾರಣ ಹಿರಿಯಣ್ಣನ ಕಾರಿನಲ್ಲಿ ತರಬೇತಿ ಪಡೆಯತಕ್ಕದ್ದೆಂದೂ ಆದೇಶವಾಯಿತು.

“ಮಾಮ, ಇದರೊಳಗಿನ ದಾರ ಕಾಣ್ತಿದೆಯಲ್ಲ!”

“ಅನುಭವ ಕಣಮ್ಮಾ, ಎದ್ದು ಕಾಣ್ತಿದೆ” ಎಂದ ಟೈರಿನ ಮಾಮ, ಮುಖ ಆ ಕಡೆ ತಿರುಗಿಸಿಕೊಂಡು.

ದಾರ ಕಾಣುವ ಟೈರಿನಲ್ಲೂ ಬುಗುರಿ ಪ್ರತಿ ಓಟದಲ್ಲಿ ಹಿರಿಯಣ್ಣನ ಬೆನ್ನಿಗೆ ಬಂದುಬಿಡುತ್ತಿದ್ದಳು. ಬಂದು, ಅವನ ಕಾರಿನ ಕೆಂಪು ದೀಪ ನೋಡಿಕೊಂಡು ಕಾಲು ಸಡಿಲಿಸುತ್ತಿದ್ದಳು. ವರ್ಷವಿಡೀ ಅವಳು ಕಲಿತದ್ದು ಅದನ್ನೇ. ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ? ಆದರೆ ಓದು ಬಿಟ್ಟು ಬಂದವಳು ಅವಳು. ಮಗಳನ್ನು ಕಾರು ಓಡಿಸಲು ಬಿಟ್ಟನೆಂದು ಅತ್ತೆ, ಚಿಕ್ಕಪ್ಪ ಎಲ್ಲ ಸೇರಿ ಅಪ್ಪನನ್ನು ಹುರಿದು ಮುಕ್ಕಿದ್ದರು. ಅಪ್ಪ ಫೋನಿನಲ್ಲಿ ಬೇರೇನೂ ಕೇಳುತ್ತಿರಲಿಲ್ಲ.

“ಸೀಟು ಉಳಿಯುತ್ತೇನಮ್ಮಾ?”

“ಉಳಿಯುತ್ತಪ್ಪ.”

ವರ್ಷದ ಕೊನೆಯ ಓಟದಲ್ಲಿ, ಮುಂದಿದ್ದ ಕಾರುಗಳು ಒಂದಕ್ಕೊಂದು ಗುದ್ದಿಕೊಂಡು ಸಾಲಾಗಿ ಹೊರಬಿದ್ದವು. ಹಿರಿಯಣ್ಣ ಮೊದಲನೆಯವನಾದ. ಅವನ ಹಿಂದೆ ಬುಗುರಿ. ಮಿಕ್ಕವರು ಎಲ್ಲೋ ದೂರದಲ್ಲಿದ್ದರು.

ಕೊನೆಯ ಸುತ್ತಿನ ಕೊನೆಯ ತಿರುವಿಗೆ ಮುಂಚೆ ಹಿರಿಯಣ್ಣನಿಗೆ ಅಭಿಮಾನಿಗಳ ಗ್ಯಾಲರಿ ಕಂಡಿತು. ಎಷ್ಟೋ ವರ್ಷಗಳ ಮೇಲೆ ಸಿಕ್ಕ ಅವಕಾಶ, ಕೈ ಬೀಸಿದ. ರಸ್ತೆ ಬಲಕ್ಕೆ ಹೋಯಿತು, ಹಿರಿಯಣ್ಣ ನೇರ ಹೋಗಿ, ದಾರಿ ತಪ್ಪಿದ ಕಾರುಗಳನ್ನು ತಡೆಯಲೆಂದು ತೋಡಿದ್ದ ಮರಳುಗುಂಡಿಯಲ್ಲಿ ಹೂತುಕೊಂಡ.

ಬುಗುರಿಯ ಮುಂದೆ ರಸ್ತೆ ಖಾಲಿಯಾಯಿತು. ತಿರುವಿನಾಚೆ ಗೆಲುವಿನ ಗೆರೆ. ಬಾವುಟ ಹಿಡಿದವನು ಆಗಲೇ ಕೈಯೆತ್ತಿದ್ದ. ಕಿವಿಯೊಳಗಿನ ರೇಡಿಯೋ ಗೊರಗುಟ್ಟಿತು.

“ಹಿರಿಯಣ್ಣ ಎಲ್ಲಿ?” ವ್ಯವಸ್ಥಾಪಕರ ದನಿ.

“ಮರಳಲ್ಲಿ ಸರ್.”

“ನೀನೆಲ್ಲಿ?”

“ರಸ್ತೇಲಿ ಸರ್.”

“ರಸ್ತೇಲಿ ಯಾಕಿದೀಯ?”

ಇಂಥ ಪ್ರಶ್ನೆಯನ್ನು ಅವಳಿಗೆ ಈವರೆಗೆ ಯಾರೂ ಕೇಳಿರಲಿಲ್ಲ. “ಸರ್, ಗೆಲ್ಲಬಹುದು ಸರ್” ಅಂದಳು. ದನಿ ಅಳುವವರ ದನಿಯಾಗಿತ್ತು.

“ಗೆಲ್ಲಮ್ಮ, ಯಾರು ಬೇಡ ಅಂದ್ರು? ಆದ್ರೆ ಅದು ಹಿಂದಿಕ್ಕಿದ ಲೆಕ್ಕ ಆಗುತ್ತೆ. ಸೀಟಿನ ವಿಷಯ ನೆನಪಿದೆ ತಾನೇ?”

ನೆನಪಿತ್ತು. ಬುಗುರಿ ಸ್ಟೀರಿಂಗನ್ನು ನೇರ ಹಿಡಿದಳು. ಕಾರು ಒಂದು ಚೂರೂ ಓಲಾಡದೆ, ಹಿರಿಯಣ್ಣನ ಚಕ್ರದ ಗುರುತಿನ ಮೇಲೇ ಸಾಗಿ, ಅವನ ಕಾರಿನಿಂದ ಒಂದು ಗೇಣು ಹಿಂದೆ ಮರಳಲ್ಲಿ ಕೂತಿತು. ಅಷ್ಟು ವೇಗದಲ್ಲಿ ಅಷ್ಟು ಕರಾರುವಾಕ್ಕಾಗಿ ಕಾರು ಓಡಿಸಿದ್ದನ್ನು ಆ ಮೈದಾನ ಎಂದೂ ಕಂಡಿರಲಿಲ್ಲ. ಅವಳು ಹೆಲ್ಮೆಟ್ಟಿನೊಳಗೇ ಅತ್ತಳು. ಹಿಂದಿನಿಂದ ಬಂದ ಯಾರೋ ಗೆದ್ದರು.

ಧ್ವನಿವರ್ಧಕದಲ್ಲಿ ಪ್ರಕಟಣೆ ಬಂತು: ‘ಪ್ರೇಕ್ಷಕರ ಗಮನಕ್ಕೆ. ಮರಳುಗುಂಡಿಯಲ್ಲಿ ಎರಡನೆಯ ಕಾರಿಗೆ ಆದದ್ದು ಅಪಘಾತವಲ್ಲ, ತರಬೇತಿ. ದಯವಿಟ್ಟು ಚಪ್ಪಾಳೆ ತಟ್ಟಬೇಕು.’ ಜನ ತಟ್ಟಿದರು. ಆಯೋಜಕರು ನಿಂತಲ್ಲೇ ತುರ್ತು ಸಭೆ ಸೇರಿ, ಇನ್ನು ಮುಂದೆ ಎಲ್ಲ ತಂಡಗಳ ಕಿರಿಯರಿಗೂ ಜಾಗ ಸಾಲುವಂತೆ ಗುಂಡಿಯನ್ನು ಅಗಲ ಮಾಡಲು ಮಂಜೂರಾತಿ ಕೊಟ್ಟರು.

ಹಿರಿಯಣ್ಣ ಮರಳು ಕೊಡವಿಕೊಳ್ಳುತ್ತ ಬಂದು ಅವಳ ಹೆಲ್ಮೆಟ್ಟಿನ ಮೇಲೆ ತಟ್ಟಿದ. “ಚೆನ್ನಾಗಿ ಬಂದೆ ಮಗಾ. ಸೀಟು ನಿಂದೇ. ಕೊನೇಲಿ ಒಂಚೂರು ಯೋಚನೆ ಮಾಡಿದೆ ಅನ್ಸುತ್ತೆ, ಅದೊಂದು ಬಿಟ್ಬಿಡು.”

“ಆಯ್ತಣ್ಣ.”

ಟೈರಿನ ಮಾಮ ಓಡುತ್ತ ಬಂದು ಅವಳ ಫೋನು ಕೊಟ್ಟ. ಕರೆ ಬಂದದ್ದು ಅಪ್ಪನ ಫೋನಿನಿಂದ, ಕೇಳಿಸಿದ್ದು ಅತ್ತೆಯ ದನಿ. “ಟೀವೀಲಿ ನೋಡಿದ್ವೇ! ಏನೋ ಅಂದ್ಕೊಂಡಿದ್ದೆ, ದೊಡ್ಡೋರ ಮಾತು ಮೀರೋ ಹುಡುಗಿಯಲ್ಲ ನೀನು. ನಿಮ್ಮಪ್ಪ ನೋಡು, ಖುಷೀಲಿ ಮಾತೇ ಆಡ್ತಿಲ್ಲ.”

“ಹೂಂ ಅತ್ತೆ.”

ಕ್ರೇನು ಬಂತು. ಹಿಂದಿದ್ದ ಬುಗುರಿಯ ಕಾರೇ ದಾರಿಗೆ ಅಡ್ಡ. ಕ್ರೇನಿನವನು ಅದಕ್ಕೆ ಕೊಕ್ಕೆ ಹಾಕಲು ಬಗ್ಗಿದ.

“ಅಯ್ಯೋ, ಬೇಡ ಬೇಡ!” ಬುಗುರಿ ಗಾಬರಿಯಾಗಿ ಎರಡೂ ಕೈ ಅಡ್ಡ ಹಿಡಿದಳು. “ಮೊದಲು ಅವರದ್ದು ಎತ್ತಿ.”